ಡೋಮ್ ಸಿ ಹಿಮದ ಬಯಲು: ಮಾಡೆಲ್‌ನಲ್ಲಿ ರಾತ್ರಿ ತಾಪಮಾನ ಕೈತಪ್ಪಿ ಇಳಿಯುತ್ತಿದೆ, ಯಾರಾದರೂ ದಾರಿ ಹೇಳಿ

ಹದಡಿ ರಸ್ತೆ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂಟಾರ್ಕ್ಟಿಕಾದ ಡೋಮ್ ಸಿ ಜಾಗ ಆರಿಸಿಕೊಂಡಿದ್ದೇನೆ. ಸಮುದ್ರಮಟ್ಟದಿಂದ ಸುಮಾರು 3230 ಮೀಟರ್ ಎತ್ತರ. ಸುತ್ತ ಎತ್ತ ನೋಡಿದರೂ ಸಪಾಟು ಹಿಮ. ಫ್ರಾನ್ಸ್, ಇಟಲಿ ಸೇರಿ ನಡೆಸುವ ಕಾಂಕಾರ್ಡಿಯಾ ನಿಲ್ದಾಣ ಅಲ್ಲೇ ಇದೆ. ಪಕ್ಕದಲ್ಲಿ 45 ಮೀಟರ್‌ನ ಟವರ್ ಇದೆ. ಅದರ ಮೇಲೆ ಬೇರೆ ಬೇರೆ ಎತ್ತರದಲ್ಲಿ ಗಾಳಿ, ತಾಪಮಾನ ಅಳೆಯುತ್ತಾರೆ.

ನಾನು ಓಡಿಸುತ್ತಿರುವುದು ಗೇಬಲ್ಸ್-4 ಎಂಬ, ಬೇರೆ ಬೇರೆ ಮಾಡೆಲ್‌ಗಳನ್ನು ಒಂದೇ ದಿನಕ್ಕೆ ಓಡಿಸಿ ಹೋಲಿಸುವ ಪ್ರಯೋಗದ ದಿನ, ಅಂದರೆ 2009ರ ಡಿಸೆಂಬರ್ 11. ಒಂದೇ ಕಾಲಂನ ಮಾಡೆಲ್: ಮೇಲೆ ಕೆಳಗೆ ಮಾತ್ರ ಲೆಕ್ಕ, ಅಕ್ಕಪಕ್ಕ ಇಲ್ಲ. ಡಿಸೆಂಬರಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಆದರೆ ಮಧ್ಯಾಹ್ನ ಸುಮಾರು 38 ಡಿಗ್ರಿ ಮೇಲಿರುವ ಸೂರ್ಯ ಮಧ್ಯರಾತ್ರಿ 8 ಡಿಗ್ರಿಗೆ ಇಳಿಯುತ್ತಾನೆ. ಆಗ ಹಿಮದ ಮೇಲ್ಮೈ ಬೇಗ ತಣ್ಣಗಾಗುತ್ತದೆ, ಅದರ ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ.

ತೊಂದರೆ ಇಲ್ಲಿದೆ. ನೆಲದ ಹತ್ತಿರ ಗಾಳಿಯ ಸುಳಿಗಳು ಎಷ್ಟು ಬಿಸಿ ಸಾಗಿಸುತ್ತವೆ ಅಂತ ಹೇಳುವ, ಪುಸ್ತಕದಲ್ಲಿರುವ ಮಾನಿನ್–ಒಬುಖೋವ್ ಸೂತ್ರ ಹಾಕಿದರೆ ಸಂಜೆಯಾದ ಮೇಲೆ ಹಿಮದ ತಾಪಮಾನ ಅಳತೆಗಿಂತ ತುಂಬಾ ಕೆಳಗೆ ಹೋಗುತ್ತದೆ. ಮೇಲಿನ ಗಾಳಿಗೂ ಕೆಳಗಿನ ಹಿಮಕ್ಕೂ ಸಂಬಂಧವೇ ತಪ್ಪಿಹೋಗುತ್ತದೆ. ಸರಿ ಅಂತ ಹವಾಮಾನ ಮುನ್ಸೂಚನೆ ಮಾಡೆಲ್‌ಗಳಲ್ಲಿ ಬಳಸುವ, ಮೇಲಿನ ಕೆಳಗಿನ ಗಾಳಿಯ ಮಿಶ್ರಣ ಜಾಸ್ತಿ ಕೊಡುವ ಸೂತ್ರ ಹಾಕಿದೆ. ಈಗ ಹಿಮ ತೀರಾ ಬೆಚ್ಚಗಿರುತ್ತದೆ. ಇನ್ವರ್ಶನ್, ಅಂದರೆ ಕೆಳಗೆ ತಂಪು ಮೇಲೆ ಬೆಚ್ಚಗೆ ಇರುವ ಪದರ, ನೂರಾರು ಮೀಟರ್‌ವರೆಗೆ ಹರಡಿಕೊಳ್ಳುತ್ತದೆ. ಟವರ್ ಅಳತೆ ಎರಡಕ್ಕೂ ಹೊಂದುವುದಿಲ್ಲ.

ದೋಷ ಸೂತ್ರದ್ದಾ, ಹಿಮದ್ದಾ, ಲೆಕ್ಕ ಹಾಕುವ ಎತ್ತರಗಳ ಗ್ರಿಡ್‌ನದ್ದಾ? ಮೊದಲು ಯಾವುದನ್ನು ಹಿಡಿಯಲಿ?

ಪಿ.ಬಿ. ರೋಡ್
ಮೊದಲ ಲೆವೆಲ್, ಅಂದರೆ ಮಾಡೆಲ್ ಲೆಕ್ಕ ಹಾಕುವ ಅತಿ ಕೆಳಗಿನ ಎತ್ತರ, ಎಷ್ಟು ಮೀಟರ್‌ನಲ್ಲಿದೆ ಹೇಳಿ. ಅದು ಗೊತ್ತಾಗದೆ ಯಾರೂ ಏನೂ ಹೇಳಲಾಗುವುದಿಲ್ಲ.

ಹದಡಿ ರಸ್ತೆ
10 ಮೀಟರ್, ಸರ್. ಜಾಗತಿಕ ಮಾಡೆಲ್ ಒಂದರ ಲೆವೆಲ್‌ಗಳನ್ನೇ ತೆಗೆದುಕೊಂಡಿದ್ದೇನೆ.

ಪಿ.ಬಿ. ರೋಡ್
ಹಾಗಾದರೆ ಅಲ್ಲೇ ಶುರು ಮಾಡಿ. ಡೋಮ್ ಸಿಯಲ್ಲಿ ಚಳಿಗಾಲದಲ್ಲಿ ಇಡೀ ಆಟ ಮೊದಲ 30 ಮೀಟರ್ ಒಳಗೇ ಮುಗಿಯುತ್ತದೆ. ಗಾಳಿ ಕಡಿಮೆ ಇರುವ ರಾತ್ರಿಗಳಲ್ಲಿ ನೆಲಕ್ಕೂ 10 ಮೀಟರ್‌ಗೂ ನಡುವೆಯೇ 20–25 ಡಿಗ್ರಿ ವ್ಯತ್ಯಾಸ ಬರುತ್ತದೆ. ಆ 25 ಡಿಗ್ರಿ ನಿಮ್ಮ ಮೊದಲ ಪೆಟ್ಟಿಗೆಯೊಳಗೇ ಕೂತಿದೆ. ಮಾಡೆಲ್‌ಗೆ ಅದು ಕಾಣುವುದೇ ಇಲ್ಲ.

ಕೋಟೆ ಮೇಷ್ಟ್ರು
ಗ್ರಿಡ್ ಮಾತು ಸರಿ. ಆದರೆ ಯಾಕೆ ಸರಿ ಅನ್ನುವುದನ್ನು ಲೆಕ್ಕದಲ್ಲೇ ನೋಡೋಣಮ್ಮ. ನಾನು ಚಿತ್ರದುರ್ಗದಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು, ಇದು ನನಗೆ ಪ್ರೀತಿಯ ವಿಷಯ.

ರಿಚರ್ಡ್‌ಸನ್ ಸಂಖ್ಯೆ ಗೊತ್ತಲ್ಲ? ತಣ್ಣನೆಯ ಭಾರವಾದ ಗಾಳಿ ಕೆಳಗಿದ್ದಾಗ ಅದನ್ನು ಮೇಲೆತ್ತಲು ಎಷ್ಟು ಶ್ರಮ ಬೇಕು, ಗಾಳಿಯ ವೇಗ ಆ ಶ್ರಮವನ್ನು ಎಷ್ಟು ಕೊಡಬಲ್ಲದು, ಇವೆರಡರ ಅನುಪಾತ. 10 ಮೀಟರ್‌ನಲ್ಲಿ ಗಾಳಿ ಸೆಕೆಂಡಿಗೆ 4 ಮೀಟರ್ ಇರಲಿ, ನೆಲಕ್ಕಿಂತ ಅಲ್ಲಿ 10 ಡಿಗ್ರಿ ಬೆಚ್ಚಗಿರಲಿ, ಸರಾಸರಿ ತಾಪ 240 ಕೆಲ್ವಿನ್ ಇರಲಿ. 9.8ನ್ನು 240ರಿಂದ ಭಾಗಿಸಿ, 10 ಡಿಗ್ರಿಯಿಂದ, 10 ಮೀಟರ್‌ನಿಂದ ಗುಣಿಸಿ, ವೇಗದ ವರ್ಗ 16ರಿಂದ ಭಾಗಿಸಿ. ಸುಮಾರು 0.25 ಬರುತ್ತದೆ. ಪುಸ್ತಕದ ಸೂತ್ರದಲ್ಲಿ 0.2 ದಾಟಿದರೆ ಟರ್ಬ್ಯುಲೆನ್ಸ್, ಅಂದರೆ ಗಾಳಿಯ ಸುಳಿಗಳ ಆಟ, ಪೂರಾ ಬಂದ್. ಮೇಲಿಂದ ಬಿಸಿ ಬರುವುದು ನಿಂತಿತು, ಹಿಮ ಆಕಾಶಕ್ಕೆ ಬಿಸಿ ಬಿಡುತ್ತಲೇ ಇದೆ. ಇನ್ನೂ ತಣ್ಣಗಾಯಿತು, ಸಂಖ್ಯೆ ಇನ್ನೂ ಏರಿತು. ನಿನ್ನ ಮಾಡೆಲ್ ಜಾರುತ್ತಿರುವುದು ಹೀಗೆ.

ಈಗ ಗಾಳಿ 7 ಮೀಟರ್ ಅಂತ ಇಟ್ಟುಕೋ. 49ರಿಂದ ಭಾಗಿಸಿದರೆ 0.08. ಸುಳಿಗಳು ಜೀವಂತವಾಗಿವೆ, ಬಿಸಿ ಕೆಳಗಿಳಿಯುತ್ತಿದೆ. ವೇಗ ವರ್ಗವಾಗಿ ಬರುವುದರಿಂದ ಸ್ವಲ್ಪ ವ್ಯತ್ಯಾಸಕ್ಕೇ ಕಥೆ ಬದಲಾಗುತ್ತದೆ. ಮತ್ತೆ ಇದೇ ಲೆಕ್ಕವನ್ನು 10 ಮೀಟರ್ ಬದಲು 1 ಮೀಟರ್‌ಗೆ ಮಾಡಿ ನೋಡು. ನೆಲದ ಹತ್ತಿರ ಎತ್ತರದ ಜೊತೆ ಗಾಳಿಯ ವೇಗ ಬೇಗಬೇಗ ಬದಲಾಗುತ್ತದೆ, ಆದ್ದರಿಂದ ಅಲ್ಲಿ ಸಂಖ್ಯೆ ಚಿಕ್ಕದು. ಸಣ್ಣ ಗ್ರಿಡ್ ಇಟ್ಟರೆ ನೆಲದ ಪಕ್ಕದ ಸುಳಿ ಉಳಿಯುತ್ತದೆ.

ನಾಲೆ ನೀರು
ಕ್ಷಮಿಸಿ, ಒಂದು ನೇರ ಪ್ರಶ್ನೆ. ನಮ್ಮೂರಲ್ಲಿ ಮಳೆ ಯಾವಾಗ ಬರುತ್ತದೆ ಅಂತ ಸರಿಯಾಗಿ ಹೇಳುವವರಿಲ್ಲ. ಅಂಥದ್ದರಲ್ಲಿ ಮನುಷ್ಯರೇ ಇಲ್ಲದ ಹಿಮದ ಬಯಲಿನ 30 ಮೀಟರ್ ಗಾಳಿ ಯಾರಿಗೆ ಬೇಕು? ಹುಡುಗಿ ಬುದ್ಧಿವಂತೆ, ಇಲ್ಲಿಯ ವಿಷಯ ತೆಗೆದುಕೊಳ್ಳಬಹುದಿತ್ತು.

ಗಾಳಿಗುಡ್ಡ
ಇಲ್ಲಿಯ ವಿಷಯವೇ ಅಣ್ಣ ಇದು. ನಾನು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ರಿಪೇರಿ ಕೆಲಸ ಮಾಡುತ್ತೇನೆ. ಡಿಸೆಂಬರ್–ಜನವರಿಯಲ್ಲಿ ರಾತ್ರಿ ಹನ್ನೊಂದಾದ ಮೇಲೆ ಕೆಳಗೆ ಹೊಲದಲ್ಲಿ ಜೋಳದ ಗರಿ ಅಲ್ಲಾಡುವುದಿಲ್ಲ. ಮೇಲೆ ರೆಕ್ಕೆ ಚೆನ್ನಾಗಿ ತಿರುಗುತ್ತಿರುತ್ತದೆ. ನೆಲದ ಹತ್ತಿರದ ತಂಪು ಪದರ ಮೇಲಿನ ಗಾಳಿಯನ್ನು ನೆಲದಿಂದ ಬಿಡಿಸಿಬಿಡುತ್ತದೆ. ಮೇಲಿನ ಗಾಳಿಗೆ ತಡೆಯಿಲ್ಲ, ಓಡುತ್ತದೆ. ನಮಗೆ ಬರುವ ಮುನ್ಸೂಚನೆಯಲ್ಲಿ ಈ ರಾತ್ರಿ ಗಾಳಿ ಕಡಿಮೆ ಬರುತ್ತದೆ. ಮಾಡೆಲ್‌ನಲ್ಲಿ ಮಿಶ್ರಣ ಜಾಸ್ತಿ ಇಟ್ಟಿದ್ದಾರೆ ಅಂತ ನಮ್ಮ ಎಂಜಿನಿಯರ್ ಹೇಳುತ್ತಿದ್ದರು. ಈ ಹುಡುಗಿ ಹೇಳುತ್ತಿರುವ ಎರಡನೇ ಸೂತ್ರದ ಕಥೆ ಅದೇ ಅಲ್ವಾ?

ಹದಡಿ ರಸ್ತೆ
ಅದೇ ಅಣ್ಣ! ಮಿಶ್ರಣ ಜಾಸ್ತಿ ಇಟ್ಟರೆ ರಾತ್ರಿಯ ಆ ವೇಗದ ಗಾಳಿಯ ಪಟ್ಟಿಯೇ, ಅಂದರೆ ಜೆಟ್, ಅಳಿಸಿಹೋಗುತ್ತದೆ. ಡೋಮ್ ಸಿಯಲ್ಲೂ ಬೇಸಿಗೆಯ ರಾತ್ರಿ ಇಂಥ ಜೆಟ್ ಕಂಡಿದ್ದಾರೆ, ನೆಲದಿಂದ ಹತ್ತಾರು ಮೀಟರ್ ಎತ್ತರದಲ್ಲೇ.

ಕೋಟೆ ಮೇಷ್ಟ್ರು
ಇಲ್ಲೊಂದು ಚೆಂದದ ವ್ಯತ್ಯಾಸವಿದೆ. ನೆಲದ ಹಿಡಿತ ತಪ್ಪಿದ ಗಾಳಿ ಭೂಮಿಯ ತಿರುಗುವಿಕೆಯಿಂದ ಸುತ್ತು ಹೊಡೆಯುತ್ತದೆ. ಒಂದು ಸುತ್ತಿಗೆ ಎಷ್ಟು ಹೊತ್ತು ಅನ್ನುವುದು ಅಕ್ಷಾಂಶದ ಮೇಲೆ ನಿಂತಿದೆ. 75 ಡಿಗ್ರಿ ದಕ್ಷಿಣದ ಡೋಮ್ ಸಿಯಲ್ಲಿ ಸುಮಾರು 12.4 ಗಂಟೆ. ನಮ್ಮ ಚಿತ್ರದುರ್ಗ 14 ಡಿಗ್ರಿ ಚಿಲ್ಲರೆಯಲ್ಲಿದೆ, ಇಲ್ಲಿ ಸುಮಾರು 49 ಗಂಟೆ. ಅಂದರೆ ನಮ್ಮ ಗುಡ್ಡದ ರಾತ್ರಿ ಗಾಳಿಗೆ ಸುತ್ತಿನ ಕಾಲುಭಾಗ ಮುಗಿಸುವಷ್ಟರಲ್ಲಿ ಬೆಳಗಾಗಿರುತ್ತದೆ. ಅಲ್ಲಿ ಸಂಜೆ ಶುರುವಾದದ್ದು ಬೆಳಗಿನ ಹೊತ್ತಿಗೆ ಪೂರಾ ಸುತ್ತಿಗೆ ಹತ್ತಿರ ಬರುತ್ತದೆ. ಮಾಡೆಲ್ ಪರೀಕ್ಷಿಸಲು ಅದಕ್ಕಿಂತ ಒಳ್ಳೆ ಜಾಗ ಬೇಕಾ? ಗುಡ್ಡ ಇಲ್ಲ, ಗಿಡ ಇಲ್ಲ, ಊರಿಲ್ಲ. ಬರೀ ಹಿಮ, ಗಾಳಿ, ಆಕಾಶ.

ಮಂಡಕ್ಕಿ ಓಣಿ
ನೀವು ಹೇಳುತ್ತಿರುವ ಇನ್ವರ್ಶನ್ ನೋಡಬೇಕಾದರೆ ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ ನಮ್ಮ ಓಣಿಗೆ ಬನ್ನಿ. ಭಟ್ಟಿಯ ಹೊಗೆ ಮನೆ ಮಾಳಿಗೆಯ ಮಟ್ಟಕ್ಕೆ ಏರಿ ಅಲ್ಲೇ ಅಡ್ಡಡ್ಡ ಹರಡುತ್ತದೆ. ಒಂಬತ್ತರ ಮೇಲೆ ಬಿಸಿಲೇರಿದ ಮೇಲೆ ಎತ್ತಿಕೊಂಡು ಹೋಗುತ್ತದೆ. ನಮ್ಮ ತಾಯಿಗೆ ಉಬ್ಬಸ. ಆ ಮೂರು ತಾಸು ಕಿಟಕಿ ಹಾಕಿಕೊಂಡೇ ಕೂರಬೇಕು. ಮೊದಲು ಟೈರ್ ಸುಡುತ್ತಿದ್ದಾಗ ಇನ್ನೂ ಕಷ್ಟವಿತ್ತು, ಈಗ ಭತ್ತದ ಹೊಟ್ಟು ಬಂದ ಮೇಲೆ ಪರವಾಗಿಲ್ಲ.

ನಾಲೆ ನೀರು
ಈಗ ಅರ್ಥವಾಯಿತು. ಹೊಗೆ ಎಷ್ಟು ಹೊತ್ತು ಕೂರುತ್ತದೆ ಅಂತ ಮೊದಲೇ ಹೇಳಿದರೆ ಭಟ್ಟಿ ಹಚ್ಚುವ ಸಮಯ ಬದಲಾಯಿಸಬಹುದು. ಅಂಥ ಮಾಡೆಲ್ ಆದರೆ ನನ್ನ ತಕರಾರಿಲ್ಲ.

ದಾಳಿಂಬೆ ತೋಟ
ಹೊಸದುರ್ಗದಿಂದ. ಇದೇ ಕಾರಣಕ್ಕೆ ಗಾಳಿ ಪೂರಾ ನಿಂತಿರುವ ಬೆಳಗಿನ ಜಾವ ಔಷಧಿ ಹೊಡೆಯಬಾರದು ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಗಾಳಿ ಇಲ್ಲ, ಹೊಡೆಯಲು ಒಳ್ಳೆ ಹೊತ್ತು ಅಂದುಕೊಳ್ಳುತ್ತಾರೆ. ಸಣ್ಣ ಹನಿಗಳು ಕೆಳಗೂ ಕೂರದೆ ಮೇಲೂ ಹೋಗದೆ ತೇಲಿಕೊಂಡು ಪಕ್ಕದ ಹೊಲಕ್ಕೆ ಹೋಗುತ್ತವೆ. ಸ್ವಲ್ಪ ಬಿಸಿಲು ಬಂದು ಸಣ್ಣಗೆ ಗಾಳಿ ಆಡಿದ ಮೇಲೆ ಹೊಡೆಯಿರಿ.

ಚಳ್ಳಕೆರೆ ಬಯಲು
ವಿಷಯಕ್ಕೆ ಬರೋಣ. ಗ್ರಿಡ್ ಒಂದೇ ಅಪರಾಧಿ ಅಂತ ತೀರ್ಮಾನಕ್ಕೆ ಬರಬೇಡಿ. ಹಿಮವನ್ನು ಮಾಡೆಲ್‌ನಲ್ಲಿ ಹೇಗೆ ಇಟ್ಟಿದ್ದೀರಿ?

ಗಟ್ಟಿ ಮಂಜುಗಡ್ಡೆಯ ಶಾಖವಾಹಕತೆ ಮೀಟರಿಗೆ ಡಿಗ್ರಿಗೆ 2 ವಾಟ್‌ಗಿಂತ ಜಾಸ್ತಿ. ಅಲ್ಲಿಯ ಮೇಲ್ಪದರದ ಹಿಮದ್ದು 0.2, 0.3 ಆಸುಪಾಸು. ಹಿಮದೊಳಗೆ ಗಾಳಿ ತುಂಬಿದೆ. ನಮ್ಮ ಚಳ್ಳಕೆರೆ ಕುರಿ ಕಂಬಳಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ: ಕೆಳಗಿನ ಬಿಸಿ ಮೇಲೆ ಬರಲು ಬಿಡುವುದಿಲ್ಲ. ದಿನದ ಬಿಸಿ–ತಂಪಿನ ಅಲೆ ಆ ಹಿಮದಲ್ಲಿ ಸುಮಾರು 10 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಬಹಳ ಕುಗ್ಗಿರುತ್ತದೆ. ಹಾಗಾಗಿ ರಾತ್ರಿ ಮೇಲ್ಮೈಗೆ ಬಿಸಿ ಕೊಡುವವರು ಇಬ್ಬರೇ, ಮೇಲಿನ ಗಾಳಿ ಮತ್ತು ಆಕಾಶದಿಂದ ಬರುವ ಅವಗೆಂಪು (ಇನ್‌ಫ್ರಾರೆಡ್) ವಿಕಿರಣ. ಅಲ್ಲಿ ತೇವಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಆದ್ದರಿಂದ ಆಕಾಶದಿಂದ ಬರುವುದೂ ಕಡಿಮೆ.

ಮೈನಸ್ 73 ಡಿಗ್ರಿಯ ಹಿಮ ಚದರ ಮೀಟರಿಗೆ ಸುಮಾರು 90 ವಾಟ್ ಹೊರಗೆ ಸೂಸುತ್ತದೆ. 27 ಡಿಗ್ರಿಯ ನಮ್ಮ ನೆಲ 450ಕ್ಕೂ ಜಾಸ್ತಿ. ಅಲ್ಲಿ ಎಲ್ಲ ಅಂಕಿಗಳೂ ಚಿಕ್ಕವು, ಅದಕ್ಕೇ ಕಷ್ಟ. 10 ವಾಟ್ ಲೆಕ್ಕ ತಪ್ಪಿದರೆ ಇಲ್ಲಿ ಗೊತ್ತೇ ಆಗುವುದಿಲ್ಲ. ಅಲ್ಲಿ ತಾಪಮಾನ ಹಲವು ಡಿಗ್ರಿ ಆಚೀಚೆ ಹೋಗುತ್ತದೆ.

ಹದಡಿ ರಸ್ತೆ
ಕೋಡ್‌ನಲ್ಲಿ ಹಿಮದ ಮೊದಲ ಪದರ 5 ಸೆಂಟಿಮೀಟರ್ ದಪ್ಪ ಇದೆ. ತೆಳ್ಳಗೆ ಮಾಡಿದರೆ ಇನ್ನೂ ಬೇಗ ತಣ್ಣಗಾಗುವುದಿಲ್ಲವೇ? ಈಗಲೇ ಜಾರುತ್ತಿದೆಯಲ್ಲ?

ಚಳ್ಳಕೆರೆ ಬಯಲು
ಹೌದು, ಆಗುತ್ತದೆ. ಅದಕ್ಕೇ ಹೇಳುತ್ತಿರುವುದು. 5 ಸೆಂಟಿಮೀಟರ್ ಪದರ ಇಡಿಯಾಗಿ ತಣ್ಣಗಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ನಿಮ್ಮ ಮೇಲ್ಮೈ ತಾಪಮಾನವನ್ನು ಅದು ತಡೆದು ಹಿಡಿದಿದೆ. ಸೂತ್ರ ಬಿಸಿಯನ್ನು ತೀರಾ ಕಡಿಮೆ ಇಳಿಸುತ್ತಿದೆ, ಹಿಮ ತೀರಾ ನಿಧಾನವಾಗಿ ತಣ್ಣಗಾಗುತ್ತಿದೆ. ಎರಡು ದೋಷ ಒಂದನ್ನೊಂದು ಮುಚ್ಚಿಕೊಂಡಿವೆ. ನೀವು ಮಿಶ್ರಣ ಏರಿಸಿ ಇಳಿಸಿ ತಾಪಮಾನ ಹೊಂದಿಸಿಬಿಟ್ಟರೆ ಗ್ರಾಫ್ ಸರಿ ಕಾಣುತ್ತದೆ, ಒಳಗೆ ಎರಡೂ ತಪ್ಪಾಗಿ ಉಳಿಯುತ್ತವೆ.

ಪಿ.ಬಿ. ರೋಡ್
ಒಪ್ಪುವುದಿಲ್ಲ. ಮಿಶ್ರಣ ಏರಿಸುವುದನ್ನು ದೋಷ ಅಂತ ತಳ್ಳಿಹಾಕಬೇಡಿ. ಮುನ್ಸೂಚನೆ ಕೇಂದ್ರಗಳು ದಶಕಗಳಿಂದ ಅದನ್ನು ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. 1979ರಲ್ಲಿ ಲೂಯಿ ಕೊಟ್ಟ ಸೂತ್ರದಿಂದ ಶುರುವಾದ ದಾರಿ ಅದು. ಮಾಡೆಲ್‌ನ ಒಂದು ಚೌಕದಲ್ಲಿ ಹತ್ತಾರು ಕಿಲೋಮೀಟರ್ ನೆಲವಿದೆ. ಅದರಲ್ಲಿ ಒಂದು ಕಡೆ ಗಾಳಿ ಸತ್ತಿದ್ದರೆ ಇನ್ನೊಂದು ಕಡೆ ಬೀಸುತ್ತಿರುತ್ತದೆ. ಸರಾಸರಿಯಲ್ಲಿ ಮಿಶ್ರಣ ಪೂರಾ ನಿಲ್ಲುವುದಿಲ್ಲ. ಅಲ್ಲದೆ ಮಿಶ್ರಣ ಕಡಿಮೆ ಮಾಡಿದರೆ ದೊಡ್ಡ ಚಂಡಮಾರುತ ವ್ಯವಸ್ಥೆಗಳ ಬಲವೇ ತಪ್ಪಾಗುತ್ತದೆ. ಒಂದು ಕಡೆ ಸರಿಮಾಡಲು ಹೋಗಿ ಇಡೀ ಭೂಮಿಯ ಮುನ್ಸೂಚನೆ ಕೆಡಿಸಲಾಗುವುದಿಲ್ಲ.

ಚಳ್ಳಕೆರೆ ಬಯಲು
ಡೋಮ್ ಸಿಯಲ್ಲಿ ಆ ವಾದ ನಿಲ್ಲುವುದಿಲ್ಲ ಸರ್. ಅಲ್ಲಿ ಹತ್ತಾರು ಕಿಲೋಮೀಟರ್ ಒಂದೇ ಸಮ ಇದೆ. ಒಂದು ಕಡೆ ಗದ್ದೆ, ಒಂದು ಕಡೆ ಗುಡ್ಡ ಅನ್ನುವ ನೆಪ ಅಲ್ಲಿಲ್ಲ. ಹಾಗಿದ್ದೂ ಮಿಶ್ರಣ ಜಾಸ್ತಿ ಇಟ್ಟ ಮಾಡೆಲ್‌ಗಳು, ಹಳೆಯ ಅಳತೆಗಳನ್ನು ಮಾಡೆಲ್ ಜೊತೆ ಸೇರಿಸಿ ಕಟ್ಟಿದ ಮರುವಿಶ್ಲೇಷಣೆಗಳು ಅಲ್ಲಿಯ ಚಳಿಗಾಲವನ್ನು ಇರುವುದಕ್ಕಿಂತ ಬೆಚ್ಚಗೆ ತೋರಿಸುತ್ತವೆ. ಆ ಬಯಲು ಈ ವಿಷಯದಲ್ಲಿ ಖಡಾಖಂಡಿತ ಸಾಕ್ಷಿ ಹೇಳುತ್ತದೆ.

ಪಿ.ಬಿ. ರೋಡ್
ಸರಿ, ಡೋಮ್ ಸಿ ಮಟ್ಟಿಗೆ ಒಪ್ಪಿದೆ. ದಾವಣಗೆರೆ ಚೌಕಕ್ಕೆ ಒಪ್ಪುವುದಿಲ್ಲ.

ಕೋಟೆ ಮೇಷ್ಟ್ರು
ಇಬ್ಬರ ಮಾತಿನಲ್ಲೂ ತಥ್ಯವಿದೆ. ಆದರೆ ಇನ್ನೊಂದು ದೊಡ್ಡ ವಿಷಯ ಬಿಟ್ಟುಹೋಗುತ್ತಿದೆ. ಅಲ್ಲಿ ರಾತ್ರಿಗಳು ಎರಡು ಜಾತಿ.

ನೆದರ್‌ಲ್ಯಾಂಡ್ಸ್‌ನ ಫಾನ್ ಡೆ ವೀಲ್ ಮತ್ತು ಜೊತೆಗಾರರು ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಒಂದು ಗೊತ್ತಾದ ಗಾಳಿ ವೇಗಕ್ಕೆ, ಮೇಲೆ ಕೆಳಗಿನ ತಾಪಮಾನ ವ್ಯತ್ಯಾಸ ಏರುತ್ತಾ ಹೋದರೆ ಕೆಳಗಿಳಿಯುವ ಬಿಸಿ ಮೊದಲು ಏರುತ್ತದೆ. ವ್ಯತ್ಯಾಸ ಇನ್ನೂ ಏರಿದರೆ ಸುಳಿಗಳೇ ಸಾಯತೊಡಗುತ್ತವೆ, ಬಿಸಿ ಇಳಿಯುವುದು ಕಡಿಮೆಯಾಗುತ್ತದೆ. ಅಂದರೆ ಆ ಗಾಳಿ ಇಳಿಸಬಲ್ಲ ಬಿಸಿಗೆ ಒಂದು ಗರಿಷ್ಠ ಮಿತಿಯಿದೆ. ಹಿಮ ಆಕಾಶಕ್ಕೆ ಕಳೆದುಕೊಳ್ಳುವುದು ಆ ಮಿತಿಗಿಂತ ಕಡಿಮೆಯಿದ್ದರೆ ಎಲ್ಲ ಶಾಂತ, ಇನ್ವರ್ಶನ್ ಸಣ್ಣದು. ಮಿತಿ ದಾಟಿದರೆ ಕುಸಿತ. ಆಮೇಲೆ ಹಿಮ ತುಂಬಾ ತಣ್ಣಗಾಗಿ, ತಾನು ಸೂಸುವ ವಿಕಿರಣವೇ ಇಳಿದು, ಹೊಸ ಸಮತೋಲಕ್ಕೆ ಬಂದು ನಿಲ್ಲುತ್ತದೆ.

ಡೋಮ್ ಸಿಯ ಟವರ್ ಅಳತೆಯಲ್ಲಿ ಈ ತಿರುವು 10 ಮೀಟರ್‌ನಲ್ಲಿ ಸೆಕೆಂಡಿಗೆ 5ರಿಂದ 7 ಮೀಟರ್ ಗಾಳಿಯ ನಡುವೆ ಬರುತ್ತದೆ. ನಡುವಿನ ಸ್ಥಿತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ, ಈ ಕಡೆ ಇಲ್ಲವೇ ಆ ಕಡೆ. ಆದ್ದರಿಂದ ಮಗಳೇ, ನಿನ್ನ ಮಾಡೆಲ್ ಜಾರುವುದೆಲ್ಲ ದೋಷವಲ್ಲ. ನಿಜವಾದ ಗಾಳಿಯೂ ಜಾರುತ್ತದೆ. ಸರಿಯಾದ ವೇಗದಲ್ಲಿ ಜಾರುತ್ತದೆಯೇ, ಸರಿಯಾದ ಕಡೆ ನಿಲ್ಲುತ್ತದೆಯೇ ಅನ್ನುವುದನ್ನು ನೋಡು. ಮಿಶ್ರಣ ಏರಿಸಿದರೆ ಈ ಎರಡು ಜಾತಿಯ ಭೇದವೇ ಅಳಿಸಿಹೋಗುತ್ತದೆ. ನನ್ನ ಮಟ್ಟಿಗೆ ಅದೇ ದೊಡ್ಡ ನಷ್ಟ.

ಹದಡಿ ರಸ್ತೆ
ಮೇಷ್ಟ್ರೇ, ಇದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿಕೊಳ್ಳುತ್ತೇನೆ. ತುಂಬಾ ಧನ್ಯವಾದ.

ಹರಿಹರದಿಂದ
ಭಾರತದ ಮೈತ್ರಿ, ಭಾರತಿ ನಿಲ್ದಾಣಗಳ ಅಳತೆ ಬಳಸಿದರೆ ಇನ್ನೂ ಚೆನ್ನಾಗಿರುತ್ತಿತ್ತು ಅಲ್ವಾ? ನಮ್ಮದೇ ದೇಶದ್ದು.

ಚಳ್ಳಕೆರೆ ಬಯಲು
ಅವೆರಡೂ ಕರಾವಳಿ ಕಡೆಯವು. ಮೈತ್ರಿ ಶಿರ್ಮಾಕರ್ ಕಲ್ಲುನೆಲದ ಮೇಲಿದೆ, ಭಾರತಿ ಲಾರ್ಸೆಮನ್ ಗುಡ್ಡಗಳಲ್ಲಿ. ಅಲ್ಲಿಯ ಗಾಳಿ ಬೇರೆ. ಮೇಲಿನ ಬಯಲಿನ ತಂಪು ಗಾಳಿ ಇಳಿಜಾರಲ್ಲಿ ಜಾರಿ ಬಂದು ಕರಾವಳಿಯಲ್ಲಿ ಅಬ್ಬರಿಸುತ್ತದೆ. 1912–13ರಲ್ಲಿ ಆಸ್ಟ್ರೇಲಿಯಾದ ಅನ್ವೇಷಕ ಮಾಸನ್ ಅವರ ತಂಡ ಉಳಿದಿದ್ದ ಕೇಪ್ ಡೆನಿಸನ್‌ನಲ್ಲಿ ವರ್ಷದ ಸರಾಸರಿ ಗಾಳಿಯೇ ಸೆಕೆಂಡಿಗೆ ಸುಮಾರು 20 ಮೀಟರ್. ಆ ಗಾಳಿ ಹುಟ್ಟುವುದು ಈ ತೆಳು ತಂಪು ಪದರದಿಂದ. ಹುಟ್ಟು ತಪ್ಪಾಗಿ ಲೆಕ್ಕ ಹಾಕಿದರೆ ಕೆಳಗೆ ನಮ್ಮ ನಿಲ್ದಾಣಗಳಿಗೆ ಬರುವ ಗಾಳಿಯ ಲೆಕ್ಕವೂ ತಪ್ಪುತ್ತದೆ.

ನಕ್ಷತ್ರ ನೋಡುವವ
ಖಗೋಳದ ಕಡೆಯಿಂದ ಒಂದು ಮಾತು. 2004ರಲ್ಲಿ ಡೋಮ್ ಸಿ ಬಗ್ಗೆ ಬಂದ ಸುದ್ದಿ ನಮಗೆಲ್ಲ ಹಬ್ಬ. 30 ಮೀಟರ್‌ಗಿಂತ ಮೇಲೆ ಅಲ್ಲಿಯ ಗಾಳಿ ಎಷ್ಟು ಶಾಂತ ಅಂದರೆ ನಕ್ಷತ್ರದ ಬಿಂಬ 0.27 ಆರ್ಕ್‌ಸೆಕೆಂಡ್‌ನಷ್ಟು (ಒಂದು ಡಿಗ್ರಿಯ 3600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಚಿಕ್ಕದಾಗಿ ಕಾಣಬಹುದು ಅಂತ ಅಳೆದಿದ್ದರು. ಆದರೆ ನೆಲದ ಮೇಲೆ ಟೆಲಿಸ್ಕೋಪ್ ಇಟ್ಟರೆ ಬಿಂಬ ಕದಡಿಹೋಗುತ್ತದೆ. ಇಡೀ ಕದಡುವಿಕೆ ಆ 30 ಮೀಟರ್‌ನಲ್ಲೇ ಇದೆ. ಟೆಲಿಸ್ಕೋಪನ್ನು ಎಷ್ಟು ಎತ್ತರದ ಟವರ್ ಮೇಲೆ ಇಡಬೇಕು ಅನ್ನುವುದು ನೀವು ಲೆಕ್ಕ ಹಾಕುತ್ತಿರುವ ಪದರದ ದಪ್ಪವನ್ನೇ ಅವಲಂಬಿಸಿದೆ. 25 ಮೀಟರ್ ಟವರ್‌ಗೂ 40 ಮೀಟರ್ ಟವರ್‌ಗೂ ಆ ಚಳಿಯಲ್ಲಿ ಖರ್ಚು ಬೇರೆಯೇ.

ರೈಲ್ವೆ ಕ್ವಾರ್ಟರ್ಸ್
ಚಳಿಗಾಲದ ರಾತ್ರಿ ದೂರದ ರೈಲಿನ ಸದ್ದು ಮನೆ ಪಕ್ಕದಲ್ಲೇ ಹೋದಂತೆ ಕೇಳಿಸುವುದಕ್ಕೂ ಇದೇ ಕಾರಣವಾ?

ಕೋಟೆ ಮೇಷ್ಟ್ರು
ಹೌದು. ಬೆಚ್ಚನೆಯ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ. ಬೆಚ್ಚನೆಯದು ಮೇಲಿದ್ದಾಗ ಸದ್ದು ಮೇಲೆ ಹೋಗಿ ಮತ್ತೆ ಕೆಳಗೆ ಬಾಗುತ್ತದೆ. ಹಗಲಲ್ಲಿ ಉಲ್ಟಾ, ಮೇಲೆ ಬಾಗಿ ಹೋಗಿಬಿಡುತ್ತದೆ.

ಹರಿಹರದಿಂದ
ಭಾರತದ ಕೊಡುಗೆ ಕೇಳಿದ್ದೆ, ನಾನೇ ಒಂದು ಹೇಳುತ್ತೇನೆ. 1932ರಲ್ಲಿ ಪುಣೆಯ ರಾಮದಾಸ್ ಮತ್ತು ಆತ್ಮನಾಥನ್ ಒಂದು ವಿಚಿತ್ರ ಕಂಡರು. ಶಾಂತ ರಾತ್ರಿಯಲ್ಲಿ ಅತಿ ತಂಪು ಇರುವುದು ನೆಲದ ಮೇಲಲ್ಲ, ನೆಲದಿಂದ ಹತ್ತಾರು ಸೆಂಟಿಮೀಟರ್ ಮೇಲೆ. ಬಹಳ ಜನ ನಂಬಲಿಲ್ಲ. ಆಮೇಲೆ ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು ಇದಕ್ಕೆ ಸಿದ್ಧಾಂತ ಕಟ್ಟಿದರು. ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗಗಳೂ ನಡೆದವು, ಗಾಳಿಯಲ್ಲಿ ತೇಲುವ ಸಣ್ಣ ಕಣಗಳ ಪಾತ್ರವನ್ನು ಅಲ್ಲಿ ಎತ್ತಿ ತೋರಿಸಿದರು. ನೆಲಕ್ಕೆ ಅಂಟಿದ ಗಾಳಿಯ ಶಾಸ್ತ್ರದಲ್ಲಿ ನಮ್ಮವರ ಹೆಸರು ಗಟ್ಟಿಯಾಗಿದೆ.

ಹದಡಿ ರಸ್ತೆ
ಈ ರಾಮದಾಸ್ ಪದರ ಹಿಮದ ಮೇಲೂ ಇರುತ್ತದಾ?

ಚಳ್ಳಕೆರೆ ಬಯಲು
ನಮ್ಮ ನೆಲ ಹಗಲಿನ ಬಿಸಿಯನ್ನು ಒಳಗಿಟ್ಟುಕೊಂಡು ರಾತ್ರಿ ಮೇಲಕ್ಕೆ ಕೊಡುತ್ತದೆ. ಆ ಬಲದಿಂದಲೇ ನೆಲ ತನ್ನ ಮೇಲಿನ ಗಾಳಿಗಿಂತ ಬೆಚ್ಚಗಿರಲು ಆಗುವುದು. ಹಿಮಕ್ಕೆ ಆ ಬಲವಿಲ್ಲ, ಜೊತೆಗೆ ಅದು ವಿಕಿರಣ ಸೂಸುವುದರಲ್ಲಿ ತುಂಬಾ ಚುರುಕು. ಬಯಲ ಮೇಲೆ ಕನಿಷ್ಠ ತಾಪಮಾನ ಹಿಮದ ಮೇಲ್ಮೈಯಲ್ಲೇ ಅಂತ ಇಟ್ಟುಕೊಂಡು ಮುಂದುವರಿಯಿರಿ. ಆದರೆ ವಿಕಿರಣವನ್ನು ಗಾಳಿಯ ಪದರಗಳ ಒಳಗೂ ಲೆಕ್ಕ ಹಾಕಿ, ಮೇಲ್ಮೈಯಲ್ಲಿ ಮಾತ್ರ ಅಲ್ಲ. ಸುಳಿ ಸತ್ತ ರಾತ್ರಿಗಳಲ್ಲಿ ಅದು ದೊಡ್ಡ ಪಾತ್ರ ವಹಿಸುತ್ತದೆ.

ನಾಲೆ ನೀರು
ಇನ್ನೊಂದು ಪ್ರಶ್ನೆ. ಅಷ್ಟು ಚಳಿಯಲ್ಲಿ ಥರ್ಮಾಮೀಟರ್ ಹೇಳುವುದು ನಿಜ ಅಂತ ಹೇಗೆ ನಂಬುತ್ತೀರಿ? ಮಾಡೆಲ್ ಸರಿ, ಅಳತೆಯೇ ತಪ್ಪು ಅಂತಿದ್ದರೆ?

ಚಳ್ಳಕೆರೆ ಬಯಲು
ಬಹಳ ಒಳ್ಳೆಯ ಪ್ರಶ್ನೆ. ಬೇಸಿಗೆಯಲ್ಲಿ ಮೇಲಿಂದ ಬಿಸಿಲು, ಕೆಳಗೆ ಹಿಮದಿಂದ ಚಿಮ್ಮುವ ಬಿಸಿಲು. ಬಿದ್ದ ಬೆಳಕಿನ 80 ಶೇಕಡದಷ್ಟನ್ನು ಹಿಮ ವಾಪಸ್ ಕಳಿಸುತ್ತದೆ. ಫ್ಯಾನ್ ಇಲ್ಲದ ಸಾಧಾರಣ ಥರ್ಮಾಮೀಟರ್ ಗೂಡು ಗಾಳಿ ನಿಂತಾಗ ಬಿಸಿಯಾಗಿ, ಅಳತೆ 10 ಡಿಗ್ರಿವರೆಗೂ ಜಾಸ್ತಿ ತೋರಿಸಬಹುದು ಅಂತ ಡೋಮ್ ಸಿಯಲ್ಲೇ ತೋರಿಸಿದ್ದಾರೆ. ಹಾಗಾಗಿ ಫ್ಯಾನ್ ಹಾಕಿ ಗಾಳಿ ಎಳೆಯುವ ಗೂಡುಗಳ ಅಳತೆ ಮಾತ್ರ ಬಳಸಬೇಕು. ಚಳಿಗಾಲದಲ್ಲಿ ಉಪಕರಣಗಳ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಆ ಗೋಳು ಬೇರೆ.

ಮಂಡಕ್ಕಿ ಓಣಿ
ಅತಿ ಚಳಿ ಎಷ್ಟಕ್ಕೆ ಹೋಗಿದೆ ಅಲ್ಲಿ?

ನಕ್ಷತ್ರ ನೋಡುವವ
ಅದೇ ಬಯಲಿನ ವಸ್ತೋಕ್ ನಿಲ್ದಾಣದಲ್ಲಿ 1983ರ ಜುಲೈ 21ರಂದು ಮೈನಸ್ 89.2. ಉಪಗ್ರಹಗಳು ಇನ್ನೂ ಎತ್ತರದ ಸಣ್ಣ ತಗ್ಗುಗಳಲ್ಲಿ ಹಿಮದ ಮೇಲ್ಮೈ ಮೈನಸ್ 98ರ ಹತ್ತಿರ ಹೋಗಿದ್ದನ್ನು ಕಂಡಿವೆ.

ಚಳ್ಳಕೆರೆ ಬಯಲು
ಉಲ್ಟಾ ದಾಖಲೆಯೂ ಇದೆ. 2022ರ ಮಾರ್ಚ್ 18ಕ್ಕೆ ಡೋಮ್ ಸಿ ಸುತ್ತ ತಾಪಮಾನ ಆ ಕಾಲಕ್ಕೆ ಇರಬೇಕಾದ್ದಕ್ಕಿಂತ ಸುಮಾರು 40 ಡಿಗ್ರಿ ಜಾಸ್ತಿ ಆಯಿತು. ಸಮುದ್ರದ ಕಡೆಯಿಂದ ತೇವ ತುಂಬಿದ ಗಾಳಿಯ ಹೊಳೆಯೇ ನುಗ್ಗಿತು. ಮೋಡ ಬಂದರೆ ಆಕಾಶದಿಂದ ವಿಕಿರಣ ಏರುತ್ತದೆ, ಇನ್ವರ್ಶನ್ ಒಡೆಯುತ್ತದೆ. ಬಿಸಿಯೇರುತ್ತಿರುವ ಭೂಮಿಯಲ್ಲಿ ಈ ತೆಳು ಪದರ ಹೇಗೆ ವರ್ತಿಸುತ್ತದೆ ಅಂತ ಗೊತ್ತಾಗದೆ ಧ್ರುವಗಳ ಭವಿಷ್ಯ ಹೇಳುವುದು ಕಷ್ಟ. ಡೋಮ್ ಸಿಯಲ್ಲೇ 8 ಲಕ್ಷ ವರ್ಷಗಳ ಹಿಮದ ಕಂಬ ಕೊರೆದು ಹಳೆಯ ತಾಪಮಾನ ಓದಿದ್ದಾರೆ. ಆ ಓದಿನಲ್ಲೂ ಒಂದು ಪ್ರಶ್ನೆ ಇದೆ: ಹಿಮ ಹುಟ್ಟುವುದು ಮೇಲಿನ ಬೆಚ್ಚನೆ ಗಾಳಿಯಲ್ಲಿ, ಬೀಳುವುದು ತಂಪು ನೆಲಕ್ಕೆ, ನಡುವಿನ ವ್ಯತ್ಯಾಸ ಎಷ್ಟು? ಅದು ಇದೇ ಇನ್ವರ್ಶನ್ ಲೆಕ್ಕ.

ಪಿ.ಬಿ. ರೋಡ್
ಕಾಲಂ ಮಾಡೆಲ್ ಬಿಟ್ಟು ನೇರ ಎಲ್‌ಇಎಸ್, ಅಂದರೆ ಮೂರೂ ದಿಕ್ಕಿನ ದೊಡ್ಡ ಸುಳಿಗಳ ಮಾಡೆಲ್, ಮಾಡಿದರೆ ಹೇಗೆ? ಸುಳಿಗಳನ್ನೇ ಲೆಕ್ಕ ಹಾಕಿಬಿಡಬಹುದು.

ಕೋಟೆ ಮೇಷ್ಟ್ರು
ಎಂ.ಎಸ್ಸಿ. ಹುಡುಗಿಯ ಲ್ಯಾಪ್‌ಟಾಪ್ ಮೇಲೆ ಬೇಡಪ್ಪ. ಇದೇ ಸರಣಿಯ ಮೊದಲ ಪ್ರಯೋಗ ಗೇಬಲ್ಸ್-1ರಲ್ಲಿ ಆರ್ಕ್ಟಿಕ್ ಪ್ರಕರಣಕ್ಕೆ 400 ಮೀಟರ್ ಘನ, ಗಂಟೆಗೆ 0.25 ಡಿಗ್ರಿ ಮೆಲ್ಲಗೆ ತಂಪು, 9 ಗಂಟೆ. ಅದು ಸುಲಭ. ಡೋಮ್ ಸಿಯಲ್ಲಿ ಪದರ ತೆಳು, ಸುಳಿಗಳು ಚಿಕ್ಕವು, ಗ್ರಿಡ್ ಒಂದೆರಡು ಮೀಟರ್ ಇಲ್ಲವೇ ಅದಕ್ಕೂ ಕಡಿಮೆ ಬೇಕು. ಗ್ರಿಡ್ ಅರ್ಧ ಮಾಡಿದರೆ ಮೂರು ದಿಕ್ಕಿನಲ್ಲಿ ಎರಡೆರಡು ಪಟ್ಟು, ಕಾಲದ ಹೆಜ್ಜೆಯೂ ಅರ್ಧ. ಕೆಲಸ 16 ಪಟ್ಟು. ಬೇರೆಯವರು ಮಾಡಿಟ್ಟ ಎಲ್‌ಇಎಸ್ ಫಲಿತಾಂಶಕ್ಕೆ ಕಾಲಂ ಮಾಡೆಲ್ ಹೋಲಿಸುವುದೇ ಸರಿ ದಾರಿ.

ಹದಡಿ ರಸ್ತೆ
ನಿನ್ನೆ ರಾತ್ರಿ ಕೂತು ಮೊದಲ ಲೆವೆಲ್ 2 ಮೀಟರ್‌ಗೆ ತಂದೆ. ಪುಸ್ತಕದ ಸೂತ್ರ ಹಾಗೇ ಇಟ್ಟೆ. ಜಾರುವಿಕೆ ಕಡಿಮೆಯಾಗಿದೆ, ಸಂಜೆಯ ಬದಲಾವಣೆಯ ಹೊತ್ತು ಟವರ್‌ಗೆ ಹತ್ತಿರ ಬಂದಿದೆ. ಮಧ್ಯರಾತ್ರಿಯ ಹೊತ್ತಿಗೆ ಇನ್ನೂ ತಂಪೇ. ಆಮೇಲೆ ಹಿಮದ ಮೊದಲ ಪದರ 1 ಸೆಂಟಿಮೀಟರ್ ಮಾಡಿದೆ. ಮಧ್ಯಾಹ್ನದ ಏರಿಕೆ ಈಗ ಚೆನ್ನಾಗಿ ಹೊಂದುತ್ತಿದೆ, ಆದರೆ ರಾತ್ರಿಯ ತಂಪು ಮತ್ತೆ ಜಾಸ್ತಿಯಾಯಿತು. ಚಳ್ಳಕೆರೆ ಸರ್ ಹೇಳಿದಂತೆ ಒಂದು ದೋಷ ಇನ್ನೊಂದನ್ನು ಮುಚ್ಚಿತ್ತು. ಈಗ ಸೂತ್ರದ ದೋಷ ಒಂದೇ ಬಿಚ್ಚಿ ಕಾಣುತ್ತಿದೆ ಅನ್ನಿಸುತ್ತದೆ.

ಚಳ್ಳಕೆರೆ ಬಯಲು
ಒಳ್ಳೆ ಕೆಲಸ. ಈಗ ಹಿಮವನ್ನೇ ಪಕ್ಕಕ್ಕಿಡಿ. ಗೇಬಲ್ಸ್-4ರಲ್ಲಿ ಅದಕ್ಕೇ ಹಂತಗಳಿವೆ. ಮೊದಲ ಹಂತದಲ್ಲಿ ಹಿಮ, ವಿಕಿರಣ, ಗಾಳಿ ಎಲ್ಲ ಸೇರಿ. ಎರಡನೆಯದರಲ್ಲಿ ಮೇಲ್ಮೈ ತಾಪಮಾನವನ್ನು ಹೊರಗಿಂದ ಕೊಟ್ಟುಬಿಡುತ್ತಾರೆ. ಮೂರನೆಯದು ಇನ್ನೂ ಸರಳ, ವಿಕಿರಣವೂ ಇಲ್ಲ. ನೀವು ಎರಡನೇ ಹಂತ ಓಡಿಸಿ. ಹಿಮ ಜಾರಲು ಸಾಧ್ಯವೇ ಇಲ್ಲದಾಗ ಗಾಳಿಯ ಪ್ರೊಫೈಲ್, ಅಂದರೆ ಎತ್ತರದ ಜೊತೆ ಅದು ಬದಲಾಗುವ ರೀತಿ, ಇನ್ನೂ ತಪ್ಪಿದರೆ ಅಪರಾಧ ಮಿಶ್ರಣದ್ದೇ. ಸರಿಬಂದರೆ ಹಿಮದ ಕಡೆ ವಾಪಸ್ ಬನ್ನಿ.

ಗಾಳಿಗುಡ್ಡ
ಹಿಮದ ಒರಟುತನ ಎಷ್ಟು ಕೊಟ್ಟಿದ್ದೀಯಮ್ಮ? ನಮ್ಮ ಕೆಲಸದಲ್ಲಿ ಅದು ತಪ್ಪಿದರೆ ಎಲ್ಲ ತಪ್ಪುತ್ತದೆ.

ಹದಡಿ ರಸ್ತೆ
1 ಮಿಲಿಮೀಟರ್ ಅಣ್ಣ.

ಚಳ್ಳಕೆರೆ ಬಯಲು
ಅದು ಆ ಜಾಗಕ್ಕೆ ಹೊಂದುವ ಸಂಖ್ಯೆ. ಆದರೆ ಗಾಳಿ ಕೆತ್ತಿದ ಹಿಮದ ಏಣುಗಳು ಅಲ್ಲಿವೆ, ಸಸ್ತ್ರುಗಿ ಅನ್ನುತ್ತಾರೆ. ಗಾಳಿ ಏಣಿನ ಉದ್ದಕ್ಕೆ ಬೀಸಿದರೆ ಒರಟುತನ ಕಡಿಮೆ, ಅಡ್ಡ ಬೀಸಿದರೆ ಜಾಸ್ತಿ. ಒಂದು ಸಲ 0.1, ಒಂದು ಸಲ 5 ಮಿಲಿಮೀಟರ್ ಕೊಟ್ಟು ಓಡಿಸಿ. ಫಲಿತಾಂಶ ಎಷ್ಟು ಅಲ್ಲಾಡುತ್ತದೆ ನೋಡಿ ಆಮೇಲೆ ಸೂತ್ರದ ಮೇಲೆ ದೂರು ಹೇಳಿ.

ನಾಲೆ ನೀರು
ಪ್ರಾಜೆಕ್ಟ್ ಮುಗಿದ ಮೇಲೆ ಇದೇ ಮಾಡೆಲ್ ಅನ್ನು ಮಂಡಕ್ಕಿ ಓಣಿಗೆ ಓಡಿಸಿ ಮಗಳೇ. ಆ ತಾಯಿಯ ಉಬ್ಬಸಕ್ಕೆ ಒಂದು ಉತ್ತರ ಸಿಗಲಿ. ನಾನು ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಮಂಡಕ್ಕಿ ಓಣಿ
ನಮ್ಮ ಮಾಳಿಗೆ ಮೇಲೆ ಥರ್ಮಾಮೀಟರ್ ಇಡಲು ಜಾಗ ಕೊಡುತ್ತೇನೆ. ಕೆಳಗೆ ಅಂಗಳದಲ್ಲೂ ಒಂದು ಇಡಬಹುದು.

ಹದಡಿ ರಸ್ತೆ
ಖಂಡಿತ ಬರುತ್ತೇನೆ ಅಕ್ಕ. ಎರಡು ಎತ್ತರದ ಅಳತೆ ಸಿಕ್ಕರೆ ಸಾಕು, ಇನ್ವರ್ಶನ್ ಎಷ್ಟು ಅಂತ ಗೊತ್ತಾಗುತ್ತದೆ. ಈ ವಾರ ಎರಡನೇ ಹಂತ ಮತ್ತು ಒರಟುತನದ ಪರೀಕ್ಷೆ ಮುಗಿಸಿ ಗ್ರಾಫ್ ಇಲ್ಲೇ ಹಾಕುತ್ತೇನೆ.

ಕೋಟೆ ಮೇಷ್ಟ್ರು
ಗ್ರಾಫ್ ಹಾಕುವಾಗ ಎತ್ತರದ ಅಕ್ಷ 50 ಮೀಟರ್‌ಗೆ ನಿಲ್ಲಿಸು. ಎಲ್ಲರೂ 1000 ಮೀಟರ್‌ವರೆಗೆ ಎಳೆದು ನೋಡಬೇಕಾದ್ದನ್ನೇ ಮರೆಮಾಡುತ್ತಾರೆ. ಟವರ್ ಅಳತೆಯ ಚುಕ್ಕಿಗಳನ್ನೂ ಅದೇ ಚಿತ್ರದಲ್ಲಿ ಹಾಕು.